ಪರಂಗಿಮಲೆಯ ಸರಪಳಿಯೂ ನಕಾಶೆಯ ಹೊಸ ವಿದ್ಯೆಯೂ

ರಾಜ್ಯೋತ್ಸವದ ದಿನ ನಮ್ಮ ಸಂಘದ ಸಭಾಂಗಣದಲ್ಲಿ ಭುವನೇಶ್ವರಿಯ ಪಟದ ಪಕ್ಕದಲ್ಲಿ ಕರ್ನಾಟಕದ ನಕಾಶೆಯೊಂದನ್ನು ತೂಗುಹಾಕುವುದು ವಾಡಿಕೆ. ಮಕ್ಕಳು ಅದರ ಮುಂದೆ ನಿಂತು ತಮ್ಮ ತಮ್ಮ ಊರನ್ನು ಬೆರಳಿಟ್ಟು ತೋರಿಸುತ್ತಾರೆ. ಹಿರಿಯರು ೧೯೫೬ಕ್ಕೆ ಮೊದಲು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ನಾಡು ಹೇಗೆ ಒಂದಾಯಿತೆಂದು ಕಥೆ ಹೇಳುತ್ತಾರೆ. ಬಳ್ಳಾರಿಯು ೧೯೫೩ರವರೆಗೆ, ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ೧೯೫೬ರವರೆಗೆ ನಾವಿರುವ ಈ ನಗರದಿಂದಲೇ ಆಳಿಸಿಕೊಂಡವು ಎಂಬುದನ್ನು ಚೆನ್ನೈಯ ಕನ್ನಡಿಗರು ಮರೆಯುವಂತಿಲ್ಲ. ಆದರೆ ಆ ನಕಾಶೆಯ ಗೆರೆಗಳನ್ನು ಮೊದಲು ಎಳೆದವರು ಯಾರು, ಅಳೆದವರು ಹೇಗೆ ಅಳೆದರು, ಆ ಅಳತೆಯಿಂದ ಹುಟ್ಟಿದ ವಿದ್ಯೆ ಇಂದು ಬೆಸ್ತನಿಂದ ಹಿಡಿದು ಗಣಿಯ ಒಡೆಯನವರೆಗೆ ಎಲ್ಲರ ಬಾಳನ್ನೂ ಹೇಗೆ ಮುಟ್ಟುತ್ತಿದೆ ಎಂಬುದನ್ನು ಕೇಳುವವರು ಕಡಮೆ. ಆ ಕಥೆಯ ಮೊದಲ ಅಧ್ಯಾಯ ನಮ್ಮ ನೆರೆಯಲ್ಲೇ ನಡೆದದ್ದರಿಂದ ಅದನ್ನು ಇಲ್ಲಿ ನಾಲ್ಕು ಮಾತಿನಲ್ಲಿ ನಿವೇದಿಸಿಕೊಳ್ಳುವ ಸಾಹಸ ಮಾಡಿದ್ದೇನೆ.

ತಾಂಬರಂ ಕಡೆಗೆ ಹೋಗುವ ಎಲೆಕ್ಟ್ರಿಕ್ ರೈಲಿನಲ್ಲಿ ಕುಳಿತವರಿಗೆ ಪರಂಗಿಮಲೆಯ ಗುಡ್ಡವೂ ಅದರ ಮೇಲಿನ ಇಗರ್ಜಿಯೂ ಕಾಣದೆ ಇರವು. ೧೮೦೨ನೆಯ ಇಸವಿ ಏಪ್ರಿಲ್ ೧೦ರಂದು ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಈ ಗುಡ್ಡದ ಬಳಿಯಿಂದ ದಕ್ಷಿಣಕ್ಕೆ ಏಳೂವರೆ ಮೈಲಿ ಉದ್ದದ ಒಂದು ನೇರ ಗೆರೆಯನ್ನು ನೆಲದ ಮೇಲೆ ಅಳೆಯಲು ಆರಂಭಿಸಿದನು. ಅಳೆಯುವ ಸಾಧನವೆಂದರೆ ನೂರು ಅಡಿಯ ಒಂದು ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಈ ಸರಪಳಿ ಮೊದಲು ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಹಿಂದಿರುಗಿದ ಸಾಮಾನುಗಳಲ್ಲಿ ಒಂದಾಗಿತ್ತು. ಮದರಾಸಿನ ಏಪ್ರಿಲ್-ಮೇ ತಿಂಗಳ ಬಿಸಿಲು ಎಂಥದೆಂದು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗಿದರೆ ಅಳತೆ ತಪ್ಪುತ್ತದೆ. ಆದುದರಿಂದ ಮರದ ಪೆಟ್ಟಿಗೆಗಳ ಮೇಲೆ ಸರಪಳಿಯನ್ನು ಮಲಗಿಸಿ, ಮೇಲೆ ಡೇರೆ ಕಟ್ಟಿ, ಉಷ್ಣಮಾಪಕವನ್ನು ನೋಡಿ ನೋಡಿ ಲೆಕ್ಕ ತಿದ್ದುತ್ತ, ನಾನೂರು ಬಾರಿ ಸರಪಳಿಯನ್ನು ಎತ್ತಿಟ್ಟು ಐವತ್ತೇಳು ದಿನಗಳಲ್ಲಿ ಆ ಏಳೂವರೆ ಮೈಲಿಯನ್ನು ಅಳೆದರು.

ಏಳೂವರೆ ಮೈಲಿಗೆ ಇಷ್ಟೊಂದು ಪಾಡೇಕೆ ಎಂದು ಕೇಳಬಹುದು. ತ್ರಿಕೋಣದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ಉಳಿದ ಎರಡು ಬಾಹುಗಳನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದಷ್ಟೆ. ಒಂದು ಗೆರೆಯನ್ನು ಕೂದಲೆಳೆಯಷ್ಟು ತಪ್ಪಿಲ್ಲದೆ ಅಳೆದುಕೊಂಡರೆ ಸಾಕು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ದುರ್ಬೀನಿನಲ್ಲಿ ಕೋನ ನೋಡುತ್ತ ನಡೆದರೆ ನಾಡಿನ ಮೇಲೆಲ್ಲ ತ್ರಿಕೋಣಗಳ ಬಲೆಯನ್ನು ಬೀಸಬಹುದು. ಕೋನ ನೋಡುವ ಯಂತ್ರವೇ ಅರ್ಧ ಟನ್ ತೂಕದ್ದು. ಇಂಗ್ಲೆಂಡಿನಿಂದ ಅದನ್ನು ತಂದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದಿದ್ದರು; ಶಾಸ್ತ್ರದ ಸಾಮಗ್ರಿ ಎಂದು ತಿಳಿದ ಮೇಲೆ ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟರು. ೧೮೦೮ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ವಿಮಾನದ ಮೇಲಕ್ಕೆ ಅದನ್ನು ಎಳೆಯುವಾಗ ಹಗ್ಗ ತುಂಡಾಗಿ ಯಂತ್ರ ಜಖಂಗೊಂಡಿತು. ಲ್ಯಾಂಬ್ಟನ್ ತಾನೇ ಕುಳಿತು ವಾರಗಟ್ಟಲೆ ಶ್ರಮಿಸಿ ಅದನ್ನು ಸರಿಪಡಿಸಿಕೊಂಡನು.

ಈ ಕೆಲಸದ ಬೀಜ ಬಿದ್ದದ್ದು ಕನ್ನಡನಾಡಿನಲ್ಲಿ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲ್ಯಾಂಬ್ಟನ್ ಆ ಮುತ್ತಿಗೆಯ ಸೈನ್ಯದಲ್ಲಿದ್ದನು. ಪೂರ್ವದ ಕರಾವಳಿಯಿಂದ ಪಶ್ಚಿಮದ ಕರಾವಳಿಯವರೆಗೆ ಮೈಸೂರಿನ ಮೇಲೆ ಹಾದು ಅಳೆಯಬೇಕೆಂದು ಅವನು ಸೂಚಿಸಿದ್ದು ಆಮೇಲೆಯೇ. ಮೊದಲ ಪ್ರಯೋಗವಾಗಿ ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದಿದ್ದುದೂ ಉಂಟು. ಮದರಾಸಿನಿಂದ ಹೊರಟ ತ್ರಿಕೋಣಗಳ ಸಾಲು ಬೆಂಗಳೂರನ್ನು ಮುಟ್ಟಿದಾಗ, ೧೮೦೪ರಲ್ಲಿ, ತಾಳೆ ನೋಡಲೆಂದು ಅಲ್ಲಿ ಮತ್ತೊಮ್ಮೆ ನೆಲದ ಮೇಲೆ ಸರಪಳಿ ಹಾಸಿ ಅಳೆದರು. ಲೆಕ್ಕದ ಉದ್ದಕ್ಕೂ ನೆಲದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲಗಳು! ಸಾಲು ಮಂಗಳೂರಿನ ಕಡಲನ್ನು ಸೇರಿದ ಮೇಲೆ ಪರ್ಯಾಯದ್ವೀಪದ ಅಗಲ ಸುಮಾರು ೩೬೦ ಮೈಲಿಯೆಂದು ತಿಳಿಯಿತು. ಅಂದಿನ ನಕಾಶೆಗಳು ಅದನ್ನು ೪೦೦ ಮೈಲಿಯೆಂದು ತೋರಿಸುತ್ತಿದ್ದವು. ಈ ಬಲೆಯೇ ಮುಂದೆ ಉತ್ತರಕ್ಕೆ ಬೆಳೆದು ಹಿಮಾಲಯವನ್ನು ಮುಟ್ಟಿ, ೧೮೫೬ರಲ್ಲಿ ಎವರೆಸ್ಟಿನ ಎತ್ತರ ೨೯,೦೦೨ ಅಡಿಯೆಂದು ಪ್ರಕಟವಾಗಲು ಕಾರಣವಾಯಿತು. ಆ ಲೆಕ್ಕದಲ್ಲಿ ರಾಧಾನಾಥ ಸಿಕ್ದಾರರೆಂಬ ಬಂಗಾಳಿ ಗಣಿತಜ್ಞರ ಪಾಲು ದೊಡ್ಡದು.

ಲ್ಯಾಂಬ್ಟನ್ ಜಾಗವನ್ನು ಅಳೆದನು. ಆದರೆ ಬರಿಯ ಜಾಗ ಮಾತಾಡುವುದಿಲ್ಲ. ಅದೇ ಕಾಲದಲ್ಲಿ ಮೈಸೂರು ಸೀಮೆಯ ಮೋಜಣಿಗೆ ನೇಮಕವಾಗಿದ್ದ ಕಾಲಿನ್ ಮೆಕೆಂಜಿಯು ಇದನ್ನು ಚೆನ್ನಾಗಿ ಅರಿತಿದ್ದನು. ಅವನ ಜನ ಊರೂರಿಗೆ ಹೋಗಿ ಹಳ್ಳಿಯ ಗಡಿ, ಕೆರೆ, ದಾರಿಗಳನ್ನು ಗುರುತಿಸುವುದರ ಜೊತೆಗೆ, ಈ ಊರು ಯಾವಾಗ ಹುಟ್ಟಿತು, ಯಾವ ಪಾಳೆಯಗಾರ ಆಳಿದ, ಗುಡಿ ಯಾರದು, ಶಾಸನ ಎಲ್ಲಿದೆ ಎಂದು ಕೇಳಿ ಬರೆದುಕೊಂಡರು. ಹೀಗೆ ಹುಟ್ಟಿದವೇ ಕೈಫಿಯತ್ತುಗಳು. ಕನಕಗಿರಿಯ ಜೈನ ಪಂಡಿತ ದೇವಚಂದ್ರನು, ಮುಂದೆ ‘ರಾಜಾವಳೀ ಕಥೆ’ಯನ್ನು ಬರೆದವನು, ಮೆಕೆಂಜಿಯನ್ನು ಕಂಡಿದ್ದನು. ಮೆಕೆಂಜಿ ೧೮೧೫ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, ೧೮೨೧ರಲ್ಲಿ ತೀರಿಕೊಂಡನು. ಅವನು ಕೂಡಿಸಿದ ಹಸ್ತಪ್ರತಿಗಳಲ್ಲಿ ದೊಡ್ಡದೊಂದು ಭಾಗ ಚೆನ್ನೈಯ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಸೇರಿತು. ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ನಾಡಿಗೆ ಕೊಟ್ಟಿದ್ದಾರೆ. ಒಂದು ಕೈಯಲ್ಲಿ ನಕಾಶೆ, ಇನ್ನೊಂದು ಕೈಯಲ್ಲಿ ಆ ಸ್ಥಳದ ವೃತ್ತಾಂತ—ಈ ಎರಡನ್ನೂ ಬಿಗಿಯಾಗಿ ಒಂದಕ್ಕೊಂದು ಹೊಲಿಯುವುದೇ ಇಂದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಚಿಕ್ಕದಾಗಿ ಜಿ. ಐ. ಎಸ್., ಎಂದು ಕರೆಸಿಕೊಳ್ಳುವ ವಿದ್ಯೆಯ ತಿರುಳು.

ಮೂರನೆಯ ಎಳೆ ಕಂದಾಯದ್ದು. ೧೮೩೫ರ ಸುಮಾರಿನಲ್ಲಿ ಪುಣೆಯ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ಆರಂಭಿಸಿದ ಹೊಲಹೊಲದ ಮೋಜಣಿ ಮುಂದಿನ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. ಅದೇ ಮಾದರಿಯಲ್ಲಿ ೧೮೬೩ರಿಂದ ಮೈಸೂರಿನಲ್ಲೂ ನಡೆಯಿತು. ೩೩ ಅಡಿಯ ಸರಪಳಿ. ಆ ಸರಪಳಿಯ ಉದ್ದಗಲದ ಚೌಕವೇ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಮದರಾಸಿನ ಆಳಿಕೆಯಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಗುಂಟೆಯ ಬದಲು ಸೆಂಟ್ಸು. ಹೀಗೆ ಒಂದೇ ನುಡಿಯ ಜನರ ನೆಲವು ಬೇರೆ ಬೇರೆ ಅಳತೆಗೋಲುಗಳಲ್ಲಿ ಬರೆಯಲ್ಪಟ್ಟಿತು. ಏಕೀಕರಣವು ನಾಡನ್ನು ಒಂದು ಮಾಡಿದರೂ ದಫ್ತರಗಳನ್ನು ಒಂದು ಮಾಡುವ ಕೆಲಸ ಬಹುಕಾಲ ಉಳಿದೇ ಇತ್ತು. ಆ ದಫ್ತರವಾದರೋ ಶಾನುಭೋಗರ ಮನೆಯ ಕೆಂಪು ಬಟ್ಟೆಯ ಗಂಟಿನಲ್ಲಿ! ಗಂಟು ಬಿಚ್ಚುವವನ ಮನಸ್ಸು ಬಂದಾಗ ರೈತನಿಗೆ ತನ್ನ ಹೊಲದ ದರ್ಶನ.

ಒಂದು ಸ್ಥಳದ ಹಲವು ಸಂಗತಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಏನು ಹೊಳೆಯುತ್ತದೆ ಎಂಬುದಕ್ಕೆ ಪ್ರಸಿದ್ಧವಾದ ಉದಾಹರಣೆ ಲಂಡನ್ನಿನದು. ೧೮೫೪ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಸೋಹೋ ಪೇಟೆಯ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಎದ್ದು ಹತ್ತೇ ದಿನಗಳಲ್ಲಿ ಐನೂರಕ್ಕೂ ಮೇಲ್ಪಟ್ಟು ಜನ ಸತ್ತರು. ಕೆಟ್ಟ ಗಾಳಿಯಿಂದ ಬೇನೆ ಬರುವುದೆಂದು ಅಂದಿನ ವೈದ್ಯರು ನಂಬಿದ್ದರು. ಡಾಕ್ಟರ್ ಜಾನ್ ಸ್ನೋ ಮನೆಮನೆಗೆ ಹೋಗಿ ವಿಚಾರಿಸಿದನು. ಸತ್ತವರ ಮನೆಗಳನ್ನು ಬೀದಿಯ ನಕಾಶೆಯಲ್ಲಿ ಗುರುತಿಸಿದನು. ನೀರಿನ ಪಂಪುಗಳನ್ನೂ ಅದರಲ್ಲೇ ಬರೆದನು. ಗುರುತುಗಳೆಲ್ಲ ಒಂದೇ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ಹತ್ತಿರದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಆ ನೀರು ಕುಡಿಯದ ಕಾರಣ ಬದುಕಿಕೊಂಡಿದ್ದರು. ಸ್ನೋ ಹೇಳಿದ ಮೇಲೆ ಸೆಪ್ಟೆಂಬರ್ ೮ರಂದು ಆ ಪಂಪಿನ ಹಿಡಿಯನ್ನೇ ಕಳಚಿದರು. ಕಾಲರಾದ ಕ್ರಿಮಿಯನ್ನು ವೈದ್ಯಪ್ರಪಂಚ ಒಪ್ಪಿಕೊಳ್ಳಲು ಇನ್ನೂ ಹಲವು ವರುಷಗಳು ಬೇಕಾದವು. ನಕಾಶೆ ಮಾತ್ರ ಆಗಲೇ ಸಾಕ್ಷಿ ನುಡಿದಿತ್ತು.

ಸ್ನೋ ಕೈಯಿಂದ ಮಾಡಿದ್ದನ್ನು ಯಂತ್ರಕ್ಕೆ ಕಲಿಸಿದವರು ರೋಜರ್ ಟಾಮ್ಲಿನ್‌ಸನ್. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಇವರು ೧೯೬೨ರಲ್ಲಿ ವಿಮಾನಪ್ರಯಾಣವೊಂದರಲ್ಲಿ ಕೆನಡಾ ಸರಕಾರದ ಭೂಸಮೀಕ್ಷೆಯ ಅಧಿಕಾರಿ ಲೀ ಪ್ರಾಟರ ಪಕ್ಕದಲ್ಲಿ ಕುಳಿತರು. ಅಷ್ಟು ದೊಡ್ಡ ದೇಶದ ಮಣ್ಣು, ಕಾಡು, ಬೇಸಾಯಗಳ ನಕಾಶೆಗಳನ್ನು ಕೈಯಿಂದ ಹೋಲಿಸಿ ನೋಡಲು ಸಾಕಷ್ಟು ಜನರೇ ದೊರೆಯರೆಂಬ ಚಿಂತೆ ಸರಕಾರದ್ದು. ಗಣಕಯಂತ್ರಕ್ಕೆ ನಕಾಶೆ ಓದಲು ಕಲಿಸಬೇಕೆಂಬ ಯೋಚನೆ ಇವರದು. ಆ ಮಾತುಕತೆಯಿಂದ ಹುಟ್ಟಿದ ಕೆನಡಾದ ವ್ಯವಸ್ಥೆಯೇ ಇಂಥವುಗಳಲ್ಲಿ ಮೊದಲನೆಯದು. ಅದರ ಮರ್ಮ ಬಹಳ ಸರಳ. ಬಾವಿ, ಕಂಬ, ಮನೆ ಮೊದಲಾದವು ಚುಕ್ಕೆ. ರಸ್ತೆ, ಹೊಳೆ, ತಂತಿ ಗೆರೆ. ಹೊಲ, ಕೆರೆ, ತಾಲ್ಲೂಕು ಕ್ಷೇತ್ರ. ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶಗಳ ಬೆನ್ನಿಗೆ ಒಂದು ವಿವರದ ಪಟ್ಟಿ. ಮಣ್ಣಿನ ಪದರ, ನೀರಿನ ಪದರ, ಜನಸಂಖ್ಯೆಯ ಪದರ ಎಂದು ಗಾಜಿನ ಹಾಳೆಗಳಂತೆ ಒಂದರ ಮೇಲೊಂದು ಇಟ್ಟು, “ಕಪ್ಪು ಮಣ್ಣಿದ್ದು, ಕಾಲುವೆಗೆ ಒಂದು ಮೈಲಿಯೊಳಗಿದ್ದು, ರಸ್ತೆಯಿಲ್ಲದ ಹಳ್ಳಿ ಯಾವುದು?” ಎಂದು ಕೇಳಿದರೆ ಯಂತ್ರ ಕ್ಷಣಾರ್ಧದಲ್ಲಿ ತೋರಿಸುತ್ತದೆ.

ಭಾರತದಲ್ಲಿ ಈ ವಿದ್ಯೆಗೆ ಆಕಾಶದ ಕಣ್ಣು ದೊರೆತದ್ದು ನಮಗೆ ಹೆಮ್ಮೆಯ ಸಂಗತಿ. ೧೯೭೦ರಲ್ಲಿ ಪಿ. ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಚಿತ್ರ ತೆಗೆಸಿ, ಬೇರುರೋಗ ತಗಲಿದ ಮರಗಳನ್ನು ಗುರುತಿಸಬಹುದೆಂದು ತೋರಿಸಿದರು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟವನ್ನು ಕಟ್ಟಿಸಿ ೧೯೭೫ರಲ್ಲಿ ಕಕ್ಷೆಗೆ ಸೇರಿಸಿದರು. ಅವರು ಇಸ್ರೋದ ಅಧ್ಯಕ್ಷರಾಗಿದ್ದಾಗಲೇ, ೧೯೮೮ರ ಮಾರ್ಚ್ ೧೭ರಂದು, ನೆಲವನ್ನು ನೋಡುವ ಮೊದಲ ಐ. ಆರ್. ಎಸ್. ಉಪಗ್ರಹ ಮೇಲೇರಿತು. ಅದರ ಕಣ್ಣಿಗೆ ೩೬ ಮೀಟರಿಗಿಂತ ಚಿಕ್ಕ ವಸ್ತು ಬೇರೆಯಾಗಿ ಕಾಣುತ್ತಿರಲಿಲ್ಲ. ೨೦೦೫ರ ಕಾರ್ಟೊಸ್ಯಾಟ್-೧ಕ್ಕೆ ಎರಡೂವರೆ ಮೀಟರು ಕಂಡಿತು. ೨೦೧೯ರ ಕಾರ್ಟೊಸ್ಯಾಟ್-೩ಕ್ಕೆ ಕಾಲು ಮೀಟರು. ಐವತ್ತೇಳು ದಿನದ ಸರಪಳಿಯನ್ನು ನೆನೆಸಿಕೊಂಡಾಗ ಈ ದೂರ ಎಷ್ಟೆಂದು ಮನಸ್ಸಿಗೆ ಬರುತ್ತದೆ.

ಈಗ ಇದರ ಉಪಯೋಗಗಳನ್ನು ನೋಡೋಣ. ಮೊದಲನೆಯದು ರೈತನ ಪಹಣಿ. ಕರ್ನಾಟಕದ ‘ಭೂಮಿ’ ಯೋಜನೆಯು ೨೦೦೨ರ ವೇಳೆಗೆ ೧೭೭ ತಾಲ್ಲೂಕುಗಳ ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಹದಿನೈದು ರೂಪಾಯಿ ಕಟ್ಟಿದರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪ್ರತಿ ಸಿಗತೊಡಗಿತು. ಮೊದಲು ಬಂದದ್ದು ಅಕ್ಷರ; ನಕಾಶೆ ಅದಕ್ಕೆ ಕೂಡಿಕೊಂಡದ್ದು ನಂತರ. ಇಂದು ಹೊಲದ ಒಂದು ಭಾಗ ಮಾರಬೇಕಾದರೂ ಮೊದಲು ೧೧-ಇ ನಕ್ಷೆ ಆಗಬೇಕು. ‘ದಿಶಾಂಕ್’ ಎಂಬ ಸಾಧನವನ್ನು ಫೋನಿನಲ್ಲಿಟ್ಟುಕೊಂಡರೆ ನಾವು ನಿಂತ ನೆಲದ ಸರ್ವೆ ನಂಬರು ಕಣ್ಣಮುಂದೆ ಬರುತ್ತದೆ.

ಎರಡನೆಯದು ಮೀನುಗಾರಿಕೆ. ಕಡಲಿನಲ್ಲಿ ಬಿಸಿನೀರೂ ತಣ್ಣೀರೂ ಕೂಡುವಲ್ಲಿ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವನ್ನು ಅರಸಿ ಮೀನಿನ ಹಿಂಡು ಬರುತ್ತದೆ. ಉಪಗ್ರಹ ಅಳೆದ ನೀರಿನ ಶಾಖವನ್ನೂ ಹಸಿರಿನ ಬಣ್ಣವನ್ನೂ ಪದರಪದರವಾಗಿ ಇಟ್ಟು, ಹೈದರಾಬಾದಿನಲ್ಲಿ ೧೯೯೯ರಲ್ಲಿ ಸ್ಥಾಪನೆಯಾದ ಸಾಗರ ಮಾಹಿತಿ ಕೇಂದ್ರವು ಮೀನು ಸಿಗಬಹುದಾದ ತಾಣಗಳನ್ನು ಬಂದರುಗಳಿಗೆ ತಿಳಿಸುತ್ತದೆ. ಮಲ್ಪೆಯ ಮೊಗವೀರನಿಗೂ ಇಲ್ಲಿನ ಕಾಶಿಮೇಡಿನ ಬೆಸ್ತನಿಗೂ ಇದು ಒಂದೇ ವಿದ್ಯೆ. ಬೂತಾಯಿ, ಬಂಗುಡೆಗಳನ್ನು ಹುಡುಕುತ್ತ ಸುಮ್ಮನೆ ಸುಡುವ ಡೀಸೆಲ್ ಅಷ್ಟು ಉಳಿಯುತ್ತದೆ.

ಮೂರನೆಯದು ಗಣಿ. ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಆಸೆಗೆ ಗುತ್ತಿಗೆಯ ಗಡಿಕಲ್ಲುಗಳು ನಡೆದಾಡಿದ ಕಾಲ ವಾಚಕರ ನೆನಪಿನಲ್ಲಿದೆ. ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಒಂದೊಂದು ಗುತ್ತಿಗೆಯ ಎಲ್ಲೆಯನ್ನೂ ಹೊಸದಾಗಿ ಅಳೆದು, ಯಾರು ಗೆರೆ ದಾಟಿದ್ದಾರೆ, ಎಷ್ಟು ದಾಟಿದ್ದಾರೆಂದು ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಹೆಚ್ಚು ಅತಿಕ್ರಮಿಸಿದ ‘ಸಿ’ ವರ್ಗದ ಗುತ್ತಿಗೆಗಳು ೨೦೧೩ರ ಏಪ್ರಿಲಿನ ತೀರ್ಪಿನಲ್ಲಿ ರದ್ದಾದವು. ಕಾಗದದಲ್ಲಿ ಸುಳ್ಳು ಬರೆಯಬಹುದು. ಆಕಾಶದಿಂದ ಕಾಣುವ ಕೆಂಪು ಗುಂಡಿಯನ್ನು ಮುಚ್ಚಿಡಲಾಗದು.

ವಿದ್ಯುತ್ ಸಂಸ್ಥೆಗಳು ಕಂಬ ಮತ್ತು ಟ್ರಾನ್ಸ್‌ಫಾರ್ಮರುಗಳ ಲೆಕ್ಕವನ್ನೂ, ಟೆಲಿಫೋನಿನವರು ಗೋಪುರ ನಿಲ್ಲಿಸುವ ಜಾಗವನ್ನೂ, ವಿಮೆಯವರು ಬೆಳೆನಷ್ಟವನ್ನೂ, ಅಂಗಡಿಯವರು ಗಿರಾಕಿಯ ಬೀದಿಯನ್ನೂ ಇದರಿಂದಲೇ ನೋಡುತ್ತಾರೆ. ಇನ್ನು ನಮ್ಮ ಚೆನ್ನೈಗೆ ೨೦೧೫ರ ಡಿಸೆಂಬರಿನ ನೆರೆಯೇ ಗುರು. ವೇಳಚೇರಿಯ ಮನೆಗಳಿಗೆ ನೀರು ನುಗ್ಗಿದಾಗ, ಹಳೆಯ ನಕಾಶೆಗಳನ್ನು ತೆರೆದವರಿಗೆ ಅಲ್ಲಿ ಏರಿಯೂ ಪಕ್ಕದಲ್ಲಿ ಪಳ್ಳಿಕರಣೆಯ ವಿಶಾಲವಾದ ಜೌಗೂ ಕಂಡವು. ನೀರು ತನ್ನ ಹಳೆಯ ವಿಳಾಸವನ್ನು ಮರೆತಿರಲಿಲ್ಲ, ಮರೆತವರು ನಾವು. ೨೦೧೯ರಿಂದ ಈ ನಗರಕ್ಕೆ ನೆರೆಯ ಮುನ್ಸೂಚನೆ ಕೊಡುವ ವ್ಯವಸ್ಥೆಯೊಂದು ಇದೇ ವಿದ್ಯೆಯ ಮೇಲೆ ನಿಂತಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಯಂತ್ರಕ್ಕೆ ಹಾಕಿದ್ದನ್ನೇ ಯಂತ್ರ ಕೊಡುತ್ತದೆ. ನಮ್ಮ ಮನೆತನಕ್ಕೆ ಊರಿನಲ್ಲಿ ಉಳಿದಿರುವ ಎರಡೆಕರೆ ಹೊಲದ ಕೈಬರಹದ ಪಹಣಿಯಲ್ಲಿ ಅಜ್ಜನ ಹೆಸರು ಸರಿಯಾಗಿಯೇ ಇತ್ತು. ಗಣಕಯಂತ್ರಕ್ಕೆ ಏರಿಸುವಾಗ ಯಾರದೋ ಬೆರಳು ಜಾರಿ ಒಂದು ಅಕ್ಷರ ಬದಲಾಯಿತು. ಆ ಒಂದು ಅಕ್ಷರದಿಂದ ಅಜ್ಜ ಬೇರೆ ಮನುಷ್ಯನೇ ಆಗಿಬಿಟ್ಟರು. ನಾನು ಇಲ್ಲಿಂದ ರಾತ್ರಿ ಬಸ್ಸು ಹತ್ತಿ ಐದು ಬಾರಿ ಹೋಗಿ ಬಂದ ಮೇಲೆ ಆ ಅಕ್ಷರ ತನ್ನ ಸ್ಥಾನಕ್ಕೆ ಬಂತು. ಶಾನುಭೋಗರಾಗಿದ್ದರೆ “ಇವನು ಇಂಥವನ ಮೊಮ್ಮಗ” ಎಂದು ಮುಖ ನೋಡಿ ಗುರುತಿಸುತ್ತಿದ್ದರು. ಯಂತ್ರಕ್ಕೆ ಮುಖ ಗೊತ್ತಿಲ್ಲ. ಬಸ್ಸಿನ ದುಡ್ಡಿಲ್ಲದ, ಓದು ಬಾರದ, ಅಜ್ಜ ಉತ್ತ ನೆಲಕ್ಕೆ ಕಾಗದವೇ ಇಲ್ಲದ ಬಡವನ ಪಾಡೇನು? ನಕಾಶೆಯಲ್ಲಿಲ್ಲದವನು ನೆಲದ ಮೇಲೂ ಇಲ್ಲ ಎನ್ನುವ ಕಾಲ ಬಂದರೆ ವಿದ್ಯೆಯೇ ಅವಿದ್ಯೆಯಾದೀತು. ಆದುದರಿಂದ ಅಳೆಯುವ ಹಕ್ಕಿನ ಜೊತೆಗೆ ತಿದ್ದಿಸಿಕೊಳ್ಳುವ ಹಕ್ಕೂ ಸುಲಭವಾಗಬೇಕು. ನಕಾಶೆ ಮಾಡುವುದಕ್ಕೂ ಬಳಸುವುದಕ್ಕೂ ಇದ್ದ ಹಲವು ನಿರ್ಬಂಧಗಳನ್ನು ಭಾರತ ಸರಕಾರ ೨೦೨೧ರ ಫೆಬ್ರುವರಿಯಲ್ಲಿ ಸಡಿಲಿಸಿದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆಯೇ ಸರಿ.

ಇನ್ನೊಂದು ಮಾತು ಹೆಸರಿನದು. ೨೦೧೪ರ ನವೆಂಬರ್ ೧ರಂದು ಕರ್ನಾಟಕದ ಹನ್ನೆರಡು ನಗರಗಳು ಇಂಗ್ಲಿಷಿನ ಬರಹದಲ್ಲೂ ತಮ್ಮ ಕನ್ನಡದ ಹೆಸರನ್ನು ಮರಳಿ ಪಡೆದವು. ನಗರಗಳ ಹೆಸರಿಗೆ ಸರಕಾರವಿದೆ. ನಮ್ಮ ಹೊಲ, ಕಟ್ಟೆ, ಹಳ್ಳ, ತೋಪುಗಳ ಹೆಸರಿಗೆ ಯಾರಿದ್ದಾರೆ? ಸರ್ವೆ ನಂಬರು ಉಳಿಯುತ್ತದೆ. ‘ಹುಣಸೆಮರದ ಹೊಲ’, ‘ಸೂಳೆಕೆರೆ ಏರಿ’, ‘ದೊಡ್ಡಮ್ಮನ ಗುಂಡಿ’ ಎಂಬವು ಹಿರಿಯರ ಜೊತೆಗೆ ಹೋಗುತ್ತವೆ. ಊರು ಬಿಟ್ಟು ಬಂದ ನಮ್ಮ ಬಾಯಿಂದಂತೂ ಇನ್ನೂ ಬೇಗ.

ಇನ್ನೂರು ವರುಷಗಳ ಹಿಂದೆ ಪರಸೀಮೆಯವನೊಬ್ಬ ನಮ್ಮ ಹಳ್ಳಿಯ ಮುದುಕರನ್ನು ಕೂರಿಸಿಕೊಂಡು ಕೇಳಿ ಬರೆಸಿದ ಕೈಫಿಯತ್ತು ಈ ನಗರದಲ್ಲಿ ಭದ್ರವಾಗಿ ಕುಳಿತಿದೆ. ನಮ್ಮವರನ್ನು ನಾವೇ ಕೇಳಿ ಬರೆದುಕೊಳ್ಳಲು ಏನು ಅಡ್ಡಿ? ಈ ಬಾರಿ ಬೇಸಗೆಯ ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಯಲ್ಲಿ ಫೋನು ಹೇಗೂ ಇರುತ್ತದೆ. ಅಜ್ಜಿಯನ್ನು ಕರೆದುಕೊಂಡು ಹೊಲದ ಬದುವಿನ ಮೇಲೆ ನಡೆಯಲಿ. ಅಜ್ಜಿ ಹೆಸರು ಹೇಳಲಿ, ಮೊಮ್ಮಗಳು ಆ ಜಾಗದಲ್ಲೇ ನಿಂತು ಗುರುತು ಹಾಕಿ ಕನ್ನಡದಲ್ಲಿ ಬರೆಯಲಿ. ಲ್ಯಾಂಬ್ಟನ್ನನ ಸರಪಳಿಗೂ ಮೆಕೆಂಜಿಯ ಕೈಫಿಯತ್ತಿಗೂ ನಾವು ಸಲ್ಲಿಸಬಹುದಾದ ಋಣ ಅದು. ಸಭಾಂಗಣದ ನಕಾಶೆಗೆ ಹಾಕುವ ಹೂಮಾಲೆಗಿಂತ ಅದು ಬಾಡದೆ ಹೆಚ್ಚು ದಿನ ಉಳಿದೀತು.